ಪೆಂಗ್ವಿನ್‌ಗೆ ಹಸಿವಾಗಿದೆ



ಬೆಂಗಳೂರಿನ ನಾಗಸಂದ್ರದ ನಮ್ಮ ಮನೆಯ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿದೆ. ಮೊದಲು ಅಲ್ಲಿ ಒಡೆದ ಕುಂಡ, ಹಳೇ ಪಾತ್ರೆ, ಮಗಳ ಸೈಕಲ್ಲು ಇರುತ್ತಿದ್ದವು. ಈಗ ಮೂರು ಹಳೆಯ ಕಂಪ್ಯೂಟರುಗಳಿವೆ. ನಾನು ಇಪ್ಪತ್ತೆಂಟು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ಮೊದಲು ಲೇತ್, ಆಮೇಲೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನಿನ ಮುಂದೆ ನಿಂತು ದುಡಿದವನು. ಕೆಲಸ ಬಿಡುವ ವರ್ಷ ಕಾರ್ಖಾನೆಯ ಆಫೀಸಿಗೆ ಹೊಸ ಕಂಪ್ಯೂಟರು ಬಂದವು. ಗುಜರಿಗೆ ಹೋಗಬೇಕಿದ್ದ ಮೂರನ್ನು ಮಾಲೀಕರು ನನಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ಸುತ್ತಲ ವಠಾರದ ಮಕ್ಕಳು ಮೆಟ್ಟಿಲು ಹತ್ತಿ ಬರುತ್ತಾರೆ. ಅಪ್ಪ ಶೀಟ್ ಮೆಟಲ್ ಶಾಪಿಗೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುವ ಮನೆಗಳ ಮಕ್ಕಳು. ಮೂರು ಕುರ್ಚಿಗೆ ಒಂಬತ್ತು ಜನ. ಒಂದು ಮೌಸಿಗೆ ಮೂರು ಕೈ.

ಅವರು ಬರುವುದು ಒಂದು ಹಕ್ಕಿಗಾಗಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಹಳದಿ ಕೊಕ್ಕು, ಅಗಲವಾದ ಹಳದಿ ಪಾದ. ಅದೊಂದು ಪೆಂಗ್ವಿನ್, ಹೆಸರು ಟಕ್ಸ್. ಮಕ್ಕಳ ಕಲಿಕೆಗೆಂದು ಮಾಡಿದ ಹಲವು ಕಂಪ್ಯೂಟರ್ ಆಟಗಳಲ್ಲಿ ಅದು ಬರುತ್ತದೆ. ಅಕ್ಷರದ ಆಟದಲ್ಲಿ ಮೀನು ತಿನ್ನುತ್ತದೆ, ಲೆಕ್ಕದ ಆಟದಲ್ಲಿ ಮಂಜಿನ ಮನೆ ಕಾಯುತ್ತದೆ, ಚಿತ್ರ ಬರೆಯುವಾಗ ಕೆಳಗೆ ಒಂದು ಮೂಲೆಯಲ್ಲಿ ಕೂತು ನೋಡುತ್ತದೆ. ಇವತ್ತು ನಿಮ್ಮ ಜೊತೆ ನಾನು ಮಾತಾಡಲು ಬಂದಿರುವುದು ಈ ಹಕ್ಕಿಯ ವಿಷಯವಾಗಿ.

ಎರಡು ವರ್ಷದ ಹಿಂದಿನ ಮಾತು. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ಬಾಡಿಗೆಗೆ ಇದ್ದ ಮನೆಯ ಹುಡುಗಿ, ಎಂಟು ವರ್ಷದವಳು, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡಿ ಹೊರಟುಹೋದಳು. ಮರುವಾರವೂ ಹಾಗೇ. ಅದರ ಮರುವಾರವೂ ಹಾಗೇ. ಶಾಲೆಯಲ್ಲಿ ಅವಳ ಮಾತಿನ ಧಾಟಿಗೆ ಯಾರೋ ನಕ್ಕಿದ್ದರಂತೆ, ಅಂದಿನಿಂದ ಬಾಯಿ ಬಿಡುವುದು ಕಡಿಮೆ ಎಂದು ಅವಳ ತಾಯಿ ಆಮೇಲೆ ಹೇಳಿದರು. ನಾಲ್ಕನೆಯ ಭಾನುವಾರ ಬಾಗಿಲಿಂದಲೇ ಕೇಳಿದಳು: "ಕಾಕಾ, ಆ ಬಾತುಕೋಳಿ ಯಾಕ ಹಂಗ ಓಡ್ಯಾಡ್ಲಿಕತ್ತದ?"

"ಅದಕ್ಕೆ ಹಸಿವಾಗಿದೆ ಕಣಮ್ಮ" ಅಂದೆ.

"ಮತ್ತ ಕೊಡ್ರಲ್ಲ ಅದಕ!"

ಆಟದ ಹೆಸರು ಟಕ್ಸ್ ಟೈಪಿಂಗ್. ಮೇಲಿನಿಂದ ಒಂದೊಂದೇ ಮೀನು ಬೀಳುತ್ತದೆ. ಮೀನಿನ ಮೇಲೆ ಒಂದು ಅಕ್ಷರ. ಕೀಲಿಮಣೆಯಲ್ಲಿ ಅದೇ ಅಕ್ಷರ ಒತ್ತಿದರೆ ಪೆಂಗ್ವಿನ್ ಓಡಿ ಬಂದು ಬಾಯಿ ತೆರೆದು ಮೀನು ನುಂಗುತ್ತದೆ. ಒತ್ತದಿದ್ದರೆ ಮೀನು ನೆಲಕ್ಕೆ ಬಿದ್ದುಹೋಗುತ್ತದೆ. ಆಟ ಇಷ್ಟೇ. ಹುಡುಗಿ ತಮ್ಮನನ್ನು ಚಾಪೆಯ ಮೇಲೆ ಇಳಿಸಿದಳು. ಅವನ ಕೈಗೆ ಒಂದು ಬಿಸ್ಕತ್ತು ಕೊಟ್ಟಳು. ಲಂಗದ ಅಂಚಿಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಇಂಗ್ಲಿಷ್ ಅಕ್ಷರ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೀನಿನ ಮೇಲಿನ ಆಕಾರವನ್ನು ಕಣ್ಣಲ್ಲಿ ಹಿಡಿದುಕೊಂಡು, ಕೀಲಿಗಳ ಮೇಲೆ ಬೆರಳಾಡಿಸುತ್ತಾ, ಅದೇ ಆಕಾರ ಎಲ್ಲಿದೆ ಎಂದು ಹುಡುಕಿದಳು. ಸಿಗುವಷ್ಟರಲ್ಲಿ ಮೀನು ಬಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳ ಗಮನ ನನ್ನ ಕಡೆ ಇರಲಿಲ್ಲ. ಪರದೆಯ ಕಡೆ ಬಗ್ಗಿ ಪೆಂಗ್ವಿನ್‌ಗೆ ಮೆಲ್ಲಗೆ ಹೇಳಿದಳು: "ತಡಿ, ತಡಿ. ಮುಂದಿಂದು ಕೊಡ್ತೀನಿ."

ಆ "ತಡಿ" ಅನ್ನುವ ಮಾತನ್ನು ನಾನು ಈ ಎರಡು ವರ್ಷ ಮತ್ತೆ ಮತ್ತೆ ನೆನೆದಿದ್ದೇನೆ. ಅಕ್ಷರ ಬರದಿದ್ದವಳು ಅವಳು, ಸಮಾಧಾನ ಮಾಡಿಸಿಕೊಂಡದ್ದು ಪೆಂಗ್ವಿನ್ನು. ಬೆಳಗಿನಿಂದ ರಾತ್ರಿಯವರೆಗೆ ತಮ್ಮನಿಗೆ ಉಣಿಸುವುದು, ಅವನು ಹಟ ಮಾಡಿದಾಗ ತಡಿ ತಡಿ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಶಾಲೆಯಲ್ಲಿ ಆ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ, ಪೆಂಗ್ವಿನ್ ಕೇಳಿತು. ಒಂದು ಗಂಟೆಯಲ್ಲಿ ಏಳೆಂಟು ಅಕ್ಷರಗಳ ಜಾಗ ಅವಳ ಬೆರಳಿಗೆ ಸಿಕ್ಕಿತು.

ನನ್ನ ಮಗಳು ಚಿಕ್ಕವಳಿದ್ದಾಗ, ಅಂದರೆ 2003ರ ಸುಮಾರಿಗೆ, ಎಸ್‌.ಪಿ. ರೋಡಿನಿಂದ ಒಂದು ಸಿ.ಡಿ. ತಂದುಕೊಟ್ಟಿದ್ದೆ. ಜಂಪ್‌ಸ್ಟಾರ್ಟ್ ಎಂಬ ಅಮೆರಿಕದ ಕಲಿಕೆಯ ಆಟಗಳ ಸರಣಿಯದು. ಅದರಲ್ಲಿ ಫ್ರಾಂಕಿ ಎಂಬ ಒಂದು ಕಂದು ನಾಯಿ. ಆ ಸರಣಿಯಲ್ಲೇ ಒಂದು ಮೊಲ, ಒಂದು ಕಪ್ಪೆಯೂ ಇದ್ದವು. ಅದಕ್ಕೂ ಹತ್ತು ವರ್ಷ ಮೊದಲೇ ರೀಡರ್ ರ‍್ಯಾಬಿಟ್ ಎಂಬ ಓದು ಕಲಿಸುವ ಮೊಲ ಅಮೆರಿಕದ ಮನೆ ಮನೆಗಳಲ್ಲಿ ಪ್ರಸಿದ್ಧವಾಗಿತ್ತು. ಹೀಗೆ ಆಟದ ಪೆಟ್ಟಿಗೆಯ ಮೇಲೆ ಒಂದು ಪ್ರಾಣಿಯ ಮುಖ ಹಾಕುವುದು ಆ ವ್ಯಾಪಾರದ ರೂಢಿ. ನನ್ನ ಮಗಳು ನಾಯಿಯನ್ನು ತುಂಬಾ ಪ್ರೀತಿಸಿದಳು. ನಾಯಿ ನಕ್ಕರೆ ನಗುತ್ತಿದ್ದಳು. ಆದರೆ ನಾಯಿಯ ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿರಲಿಲ್ಲ, ನನಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಅದು ಎಲ್ಲವನ್ನೂ ಬಲ್ಲ ನಾಯಿ. ಹೀಗೆ ಮಾಡು ಅನ್ನುತ್ತಿತ್ತು, ಮಾಡಿದರೆ ಶಭಾಷ್ ಅನ್ನುತ್ತಿತ್ತು. ಆ ಸರಣಿಯ ಕಂಪನಿ 2023ರ ಜೂನ್ ತಿಂಗಳಲ್ಲಿ ಬಾಗಿಲು ಮುಚ್ಚಿತು ಎಂಬ ಸುದ್ದಿ ಓದಿದಾಗ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಕೇಳಿದ ಪ್ರಶ್ನೆ: "ಹಾಗಾದ್ರೆ ಅಪ್ಪ, ಆ ನಾಯಿ ಈಗ ಯಾರ ಹತ್ರ ಇದೆ?"

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಪ್ರಾಣಿಯ ಬಾಯಲ್ಲಿ ಮಕ್ಕಳಿಗೆ ಪಾಠ ಹೇಳಿಸುವುದು ನಮಗೆ ಹೊಸತಲ್ಲ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ. ಹತ್ತಿರ ಹತ್ತಿರ ಸಾವಿರ ವರ್ಷವಾಯಿತು. ಓದು ತಲೆಗೆ ಹತ್ತದ ರಾಜಕುಮಾರರಿಗೆ ಸಿಂಹ, ಎತ್ತು, ನರಿ, ಕೋತಿಗಳ ಕಥೆ ಹೇಳಿ ದಾರಿಗೆ ತಂದದ್ದು ಆ ಪುಸ್ತಕದ ಚೌಕಟ್ಟು. ಆ ಕಥೆಗಳನ್ನು ಮೊಮ್ಮಕ್ಕಳಿಗೆ ಹೇಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿನ ಪ್ರಾಣಿಗಳೆಲ್ಲ ಜಾಣರಲ್ಲ. ಬಡಗಿ ಮರ ಸೀಳುತ್ತಾ ಅರ್ಧಕ್ಕೆ ಬಿಟ್ಟುಹೋದ ದಿಮ್ಮಿಯ ಮೇಲೆ ಕೂತು ಬೆಣೆ ಕಿತ್ತ ಕೋತಿಯನ್ನು ನೆನೆಯಿರಿ. ಮಗು ಮಾಡಬಹುದಾದ ತಪ್ಪನ್ನು ಮಗುವಿನ ಬದಲಿಗೆ ಕೋತಿ ಮಾಡುತ್ತದೆ. ಮಗು ಮೇಲೆ ಕೂತು ನೋಡುತ್ತಾ "ಅಯ್ಯೋ, ಬೇಡ, ಬೇಡ" ಅನ್ನುತ್ತದೆ. ಹಾಗೆ ಅನ್ನುವ ಮಗುವಿಗೆ ಆ ಗಳಿಗೆಯಲ್ಲಿ ಕೋತಿಗಿಂತ ಹೆಚ್ಚು ಗೊತ್ತಿರುತ್ತದೆ. ಕಥೆಯ ಶಕ್ತಿ ಇರುವುದು ಆ ಎತ್ತರದಲ್ಲಿ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ನಮ್ಮ ಕಾಲದಲ್ಲೂ ಇದಕ್ಕೆ ಸಾಕ್ಷಿಯಿದೆ. ಅಮೆರಿಕದಲ್ಲಿ ವ್ಯಾಂಡರ್‌ಬಿಲ್ಟ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳವರು ಮಕ್ಕಳೇ ಕಂಪ್ಯೂಟರಿನ ಒಂದು ಪಾತ್ರಕ್ಕೆ ಪಾಠ ಹೇಳಿಕೊಡುವಂತೆ ಒಂದು ಸಲಕರಣೆ ಮಾಡಿದರು. ತಾನು ಕಲಿಸಬೇಕಾದ ಪಾತ್ರಕ್ಕಾಗಿ ಮಗು ಹೆಚ್ಚು ಕಷ್ಟಪಟ್ಟು ಕಲಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಶಹಾಪುರದ ಹುಡುಗಿಯ "ತಡಿ" ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಟಕ್ಸ್ ಎಲ್ಲಿಂದ ಬಂತು? ಫಿನ್‌ಲ್ಯಾಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಬರೆಯಲು ತೊಡಗಿದರು. ಕಂಪ್ಯೂಟರಿಗೆ ಜೀವ ಕೊಡುವ ಅಡಿಪಾಯದ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಅದಕ್ಕೊಂದು ಲಾಂಛನ ಬೇಕೆಂದು 1996ರಲ್ಲಿ ಚರ್ಚೆ ನಡೆದಾಗ ಲೀನಸ್ ಪೆಂಗ್ವಿನ್ ಕೇಳಿದರು. ಅದಕ್ಕೆ ಮೊದಲು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಒಂದು ಪುಟ್ಟ ಪೆಂಗ್ವಿನ್ ಅವರ ಬೆರಳು ಕಚ್ಚಿತ್ತು. ಸಿಂಹದ ಹಾಗೆ ಗರ್ಜಿಸುವ ಗುರುತು ಅವರಿಗೆ ಬೇಕಿರಲಿಲ್ಲ. ಹೊಟ್ಟೆ ತುಂಬಾ ಮೀನು ತಿಂದು, ತೃಪ್ತಿಯಿಂದ ಕೂತ ದಪ್ಪ ಪೆಂಗ್ವಿನ್ ಬೇಕಿತ್ತು. ಟೆಕ್ಸಾಸ್‌ನ ಒಂದು ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಯೂಯಿಂಗ್ ಅದನ್ನು ಹಾಗೆಯೇ ಬರೆದುಕೊಟ್ಟರು. ಯಾರು ಬೇಕಾದರೂ ಈ ಚಿತ್ರ ಬಳಸಿ, ಬದಲಿಸಿ, ಬರೆದವನ ಹೆಸರು ಹೇಳಿದರೆ ಸಾಕು ಎಂದರು. ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾಯಿ ಒಂದು ಕಂಪನಿಯ ಸ್ವತ್ತಾಗಿತ್ತು. ಪೆಂಗ್ವಿನ್ ಊರ ಆಲದ ಮರದ ಹಾಗೆ. ಯಾವ ಮನೆಯ ಮಗುವೂ ಅದರ ಕೆಳಗೆ ಬಂದು ಕೂರಬಹುದು. ನಮ್ಮ ಶೀಟಿನ ಕೋಣೆಗೆ ಅದು ಬಂದದ್ದು ಹೀಗೆ, ಒಂದು ರೂಪಾಯಿ ಖರ್ಚಿಲ್ಲದೆ, ಯಾರ ಅಪ್ಪಣೆಯೂ ಬೇಡದೆ.

ಹೊಟ್ಟೆ ತುಂಬಿ ಕೂತಿದ್ದ ಆ ಪೆಂಗ್ವಿನ್ನನ್ನು ಮಕ್ಕಳ ಆಟದವರು ಹಸಿಯುವಂತೆ ಮಾಡಿದರು. ಯಾರಿಗೆ ಹೊಳೆದ ಉಪಾಯವೋ, ಅವರಿಗೆ ನನ್ನ ನಮಸ್ಕಾರ.

ಲೆಕ್ಕದ ಆಟದಲ್ಲೂ ಹೀಗೆಯೇ. 2001ರಲ್ಲಿ ಬಿಲ್ ಕೆಂಡ್ರಿಕ್ ಎಂಬುವರು ಮಾಡಿದ ಟಕ್ಸ್ ಮ್ಯಾತ್‌ನಲ್ಲಿ ಆಕಾಶದಿಂದ ಧೂಮಕೇತುಗಳು ಬೀಳುತ್ತವೆ. ಒಂದೊಂದರ ಮೇಲೂ ಒಂದು ಲೆಕ್ಕ: ಏಳಕ್ಕೆ ಐದು ಕೂಡಿದರೆ, ಆರು ಎಂಟಲೆ. ಕೆಳಗೆ ಸಾಲಾಗಿ ಮಂಜಿನ ಗುಡಿಸಲುಗಳು, ಒಳಗೆ ಪೆಂಗ್ವಿನ್‌ಗಳು. ಉತ್ತರ ಬರೆದು ಎಂಟರ್ ಒತ್ತಿದರೆ ಟಕ್ಸ್ ಧೂಮಕೇತುವನ್ನು ಹೊಡೆದು ಉರುಳಿಸುತ್ತದೆ. ತಡವಾದರೆ ಗುಡಿಸಲು ಕರಗುತ್ತದೆ, ಮನೆ ಕಳೆದುಕೊಂಡ ಪೆಂಗ್ವಿನ್ ಹೊರಟುಹೋಗುತ್ತದೆ. ಬಾಡಿಗೆ ಮನೆ ಬದಲಿಸಿ ಬದಲಿಸಿ ಬಂದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮಗ್ಗಿ ಒಪ್ಪಿಸು ಎಂದರೆ ಗೋಡೆ ನೋಡುವ ಹುಡುಗ, ಆ ಗುಡಿಸಲು ಉಳಿಸಲು ಆರೆಂಟಲೆ ನಲವತ್ತೆಂಟನ್ನು ಎಲ್ಲಿಂದಲೋ ಹುಡುಕಿ ತರುತ್ತಾನೆ.

ಇಲ್ಲಿ ನನ್ನ ಕೆಲಸದ ಒಂದು ಮಾತು ಹೇಳಬೇಕು. ನಾನು ಲೇತ್ ಬಿಟ್ಟು ಸಿಎನ್‌ಸಿಗೆ ಬಂದ ಹೊಸತು. ನಮ್ಮ ಶಾಪಿಗೆ ಮೊದಲ ಸಿಎನ್‌ಸಿ ಬಂದಿತ್ತು. ಟೂಲಿನ ಅಳತೆ, ಅಂದರೆ ಟೂಲ್ ಆಫ್‌ಸೆಟ್, ಕೊಡುವಾಗ ಒಂದು ಮೈನಸ್ ಗುರುತು ಬಿಟ್ಟೆ. ಹಸಿರು ಗುಂಡಿ ಒತ್ತಿದ ತಕ್ಷಣ ಟೂಲು ನೇರವಾಗಿ ಹೋಗಿ ಜಾಬು ಹಿಡಿಯುವ ಚಕ್ಕಿಗೆ ಬಡಿಯಿತು. ಟೂಲಿನ ತುದಿಯ ಇನ್ಸರ್ಟು ಚೂರು ಚೂರಾಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಸೂಪರ್‌ವೈಸರು ಇಡೀ ಶಾಪನ್ನು ನಿಲ್ಲಿಸಿ ಎಲ್ಲರ ಎದುರು ನನ್ನನ್ನು ಬೈದರು. ನಷ್ಟ ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಮೇಲೆ ಆರು ತಿಂಗಳು ಹಸಿರು ಗುಂಡಿಯ ಮೇಲೆ ಬೆರಳಿಟ್ಟರೆ ಕೈ ನಡುಗುತ್ತಿತ್ತು. ಗೊತ್ತಿದ್ದ ಕೆಲಸವೂ ಮರೆತುಹೋಗುತ್ತಿತ್ತು. ನನ್ನನ್ನು ಉಳಿಸಿದವರು ಪಕ್ಕದ ಮೆಷಿನ್ನಿನ ಒಬ್ಬ ಹಿರಿಯ ಆಪರೇಟರು. "ಮೊದಲು ಗಾಳೀಲಿ ಓಡ್ಸು ಮಗಾ" ಅಂದರು. ಏರ್ ಕಟಿಂಗ್ ಎಂದು ಪೀಣ್ಯದಲ್ಲಿ ಎಲ್ಲರೂ ಬಲ್ಲ ಕ್ರಮ. ಜಾಬು ಕಟ್ಟದೆ, ಟೂಲನ್ನು ದೂರ ಇಟ್ಟು ಪ್ರೋಗ್ರಾಮನ್ನು ಗಾಳಿಯಲ್ಲಿ ಓಡಿಸಿ ನೋಡುವುದು. ತಪ್ಪಿದ್ದರೆ ಕಣ್ಣಿಗೆ ಕಾಣುತ್ತದೆ, ಏನೂ ಮುರಿಯುವುದಿಲ್ಲ. ತಿದ್ದಿ ಮತ್ತೆ ಓಡಿಸು. ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು. ಮಾತಾಡುತ್ತಿರಲಿಲ್ಲ, ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಸುಮ್ಮನೆ ನೋಡುತ್ತಿದ್ದರು.

ಕಲಿಯುವ ಮಗುವಿಗೆ ಬೇಕಾದದ್ದು ಆ ಗಾಳಿಯಲ್ಲಿ ಓಡಿಸುವ ಅವಕಾಶ, ಪಕ್ಕದಲ್ಲಿ ಬೈಯದೆ ನಿಂತ ಒಂದು ಜೀವ. ಒಳ್ಳೆಯ ಆಟದ ಪ್ರಾಣಿ ಮಾಡುವುದು ಆ ಹಿರಿಯರ ಕೆಲಸವನ್ನು. ಮೀನು ಬಿದ್ದರೆ ಮತ್ತೊಂದು ಮೀನು ಬರುತ್ತದೆ. ಪೆಂಗ್ವಿನ್ ಬೇರೆ ಮಕ್ಕಳನ್ನು ಕರೆದು ತೋರಿಸುವುದಿಲ್ಲ.

ಎಲ್ಲವೂ ನನಗೆ ಒಪ್ಪಿಗೆ ಎಂದಲ್ಲ. ಫ್ರಾನ್ಸಿನ ಬ್ರೂನೋ ಕುದ್ವಾ 2000ದಲ್ಲಿ ಆರಂಭಿಸಿದ ಜಿಕಾಂಪ್ರಿ ಎಂಬ ಆಟಗಳ ದೊಡ್ಡ ಕಟ್ಟು ಇದೆ. ಎರಡು ವರ್ಷದಿಂದ ಹತ್ತು ವರ್ಷದ ಮಕ್ಕಳಿಗೆಂದು ನೂರಕ್ಕೂ ಹೆಚ್ಚು ಆಟಗಳು. ಆ ಹೆಸರನ್ನು ಫ್ರೆಂಚ್ ಕಿವಿಯಲ್ಲಿ ಕೇಳಿದರೆ "ನನಗೆ ಅರ್ಥವಾಯಿತು" ಎಂದಂತೆ ಕೇಳಿಸುತ್ತದಂತೆ. ಎಷ್ಟು ಚೆಂದದ ಹೆಸರು! ಟಕ್ಸ್ ಅಲ್ಲಿಯೂ ಇದೆ, ಮಕ್ಕಳ ಎದುರಾಳಿಯಾಗಿ ನಾಲ್ಕು ಬಿಲ್ಲೆ ಸಾಲು ಕೂಡಿಸುವ ಆಟ ಆಡುತ್ತದೆ. ಅದನ್ನು ಸೋಲಿಸಿದ ದಿನ ನಮ್ಮ ಕೋಣೆಯ ಶೀಟು ಹಾರಿಹೋಗುವಂತೆ ಕೂಗುತ್ತಾರೆ. ಆದರೆ ಅದೇ ಕಟ್ಟಿನಲ್ಲಿ ಉತ್ತರ ತಪ್ಪಾದಾಗ ಪರದೆಯ ನಡುವೆ ಒಂದು ಅಳುಮುಖ ಬರುತ್ತದೆ. ಒಮ್ಮೆ ಸಿಂಹದ್ದು, ಒಮ್ಮೆ ಹೂವಿನದ್ದು, ಒಮ್ಮೆ ಪೆಂಗ್ವಿನ್‌ದೇ. ಒಂದೆರಡು ಕ್ಷಣ ಇದ್ದು ಹೋಗುತ್ತದೆ. ಮಾಡಿದವರಿಗೆ ಅದು ಸಣ್ಣ ಗುರುತು. ನಮ್ಮ ಹುಡುಗಿ ಮಾತ್ರ ತಪ್ಪಾಯಿತು ಎಂದು ಗೊತ್ತಾದ ಕೂಡಲೆ ಅಂಗೈಯನ್ನು ಪರದೆಯ ನಡುವೆ ಅಡ್ಡ ಇಡುತ್ತಿದ್ದಳು. ಬೆರಳುಗಳ ಸಂದಿನಲ್ಲಿ ನೋಡಿ, ಅಳುಮುಖ ಹೋದ ಮೇಲೆ ಕೈ ತೆಗೆಯುತ್ತಿದ್ದಳು. ಅದನ್ನು ಕಂಡ ದಿನ ನನ್ನ ಹೊಟ್ಟೆ ಚುರುಕ್ ಎಂದಿತು. ಇಂಥ ಆಟ ಮಾಡುವ ಎಂಜಿನಿಯರುಗಳು ನಮ್ಮ ಬೆಂಗಳೂರಲ್ಲೇ ಸಾವಿರಾರು ಮಂದಿ ಇದ್ದೀರಿ. ನೀವು ಈ ಮಾತು ಕೇಳುತ್ತಿದ್ದರೆ, ಆ ಅಂಗೈಯನ್ನು ದಯವಿಟ್ಟು ನೆನಪಿಡಿ.

ಭಾಷೆಯ ಮಾತಿಗೆ ಬರುತ್ತೇನೆ. ಬಿಲ್ ಕೆಂಡ್ರಿಕ್ ಅವರೇ 2002ರಲ್ಲಿ ಟಕ್ಸ್ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶ ಮಾಡಿದರು. ಎಡಕ್ಕೆ ಕುಂಚ, ಮುದ್ರೆ, ಗೆರೆ, ಅಳಿಸುವ ರಬ್ಬರು. ಕೆಳಗೆ ಬಣ್ಣಗಳ ಸಾಲು. ಅದರ ಕೆಳಗೆ ಪುಟ್ಟ ಟಕ್ಸ್, ಪಕ್ಕದಲ್ಲಿ ಅದು ಹೇಳುವ ಒಂದು ಸಾಲು ಮಾತು. ಚಿತ್ರ ಉಳಿಸಲು ಮಗು ಹೆಸರು ಟೈಪ್ ಮಾಡಬೇಕಿಲ್ಲ. ತೆರೆಯುವಾಗ ಹಿಂದೆ ಬರೆದ ಚಿತ್ರಗಳೆಲ್ಲ ಚಿಕ್ಕದಾಗಿ ಸಾಲಾಗಿ ಕಾಣುತ್ತವೆ, ತನ್ನದು ಯಾವುದೆಂದು ಓದು ಬಾರದ ಮಗುವೂ ಬೆರಳಿಟ್ಟು ತೋರಿಸುತ್ತದೆ. ಈ ಪೇಂಟಿಗೆ ಕನ್ನಡವಿದೆ! ಜಗತ್ತಿನ ನೂರಕ್ಕೂ ಮೇಲ್ಪಟ್ಟ ಭಾಷೆಗಳಿಗೆ ಸ್ವಯಂಸೇವಕರು ಅದನ್ನು ತಂದಿದ್ದಾರೆ, ಕನ್ನಡಕ್ಕೂ ನಮ್ಮವರು ತಂದರು. ಮೊದಲ ಸಲ ಸೆಟ್ಟಿಂಗಿನಲ್ಲಿ ಕನ್ನಡ ಆರಿಸಿ ತೆರೆದಾಗ ಮಕ್ಕಳು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಬ್ಬ ಹುಡುಗ ಟಕ್ಸ್ ಪಕ್ಕದ ಸಾಲನ್ನು ಕೂಡಿಸಿ ಕೂಡಿಸಿ ಓದಿದ. ಓದಿ ಮುಗಿಸಿ, "ಅಂಕಲ್, ಇದಕ್ಕೆ ಕನ್ನಡ ಬರುತ್ತೆ!" ಅಂದ. ಪೆಂಗ್ವಿನ್ನಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲೆ ಅವರು ಅದರ ಜೊತೆ ಮಾತಾಡುವ ರೀತಿಯೇ ಬದಲಾಯಿತು. ಅದುವರೆಗೆ ಹೋಗು ಬಾ ಎಂದು ಇಂಗ್ಲಿಷ್‌ನಲ್ಲಿ ಗದರುತ್ತಿದ್ದವರೂ, ಅದಕ್ಕೆ ತಮ್ಮ ಮನೆಯ ಸುದ್ದಿ ಹೇಳತೊಡಗಿದರು.

ಬರಹದ ಕನ್ನಡ ಶಹಾಪುರದ ಹುಡುಗಿಯ ಮನೆಯ ಕನ್ನಡವಲ್ಲ, ನಿಜ. ಅದಕ್ಕೊಂದು ದಾರಿ ಹುಡುಕಿದೆವು. ಟಕ್ಸ್ ಟೈಪಿಂಗ್‌ನಲ್ಲಿ ಪದಗಳ ಪಟ್ಟಿಯನ್ನು ನಾವೇ ಸೇರಿಸಬಹುದು. ಇಂಗ್ಲಿಷ್ ಅಕ್ಷರದಲ್ಲೇ, ಆದರೆ ಅವರವರ ಪದಗಳನ್ನು ಹಾಕಿದೆವು. ನಾಗಸಂದ್ರ, ಪೀಣ್ಯ, ದಾಸರಹಳ್ಳಿ, ಎಂಟನೇ ಮೈಲಿ. ಒಬ್ಬ ಹುಡುಗ ತನ್ನ ಅಪ್ಪನ ಕೆಲಸದ ವೆಲ್ಡಿಂಗ್ ಹಾಕಿಸಿದ. ಹುಡುಗಿ ಹೇಳಿ ಬರೆಸಿದ್ದು ರೊಟ್ಟಿ, ಪುಂಡಿಪಲ್ಯ, ಅವ್ವ, ಭೀಮಾ. ಭೀಮಾ ಅವಳ ಊರ ಕಡೆಯ ಹೊಳೆ. ಮರುವಾರ ಆಕಾಶದಿಂದ ರೊಟ್ಟಿ ಎಂದು ಬರೆದುಕೊಂಡ ಮೀನು ಬಿತ್ತು. ಪೆಂಗ್ವಿನ್ ರೊಟ್ಟಿ ತಿಂದಿತು. ಅವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟಳು.

ಮೀನಿನ ಮೇಲೆ ಅ, ಆ, ಇ ಬರೆದು ಸುಲಭವಾಗಿ ಆಡಿಸುವಂತಾಗಬೇಕು ಎಂಬುದು ನನ್ನ ಆಸೆ. ನಮ್ಮ ನಾಡಿನಲ್ಲಿ ಇಂಥ ಪ್ರಯತ್ನ ಇಲ್ಲವೆಂದಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗಾಗಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕಲಿಕೆಯ ಸಿ.ಡಿ.ಗಳನ್ನು ಮಾಡಿಸಿತು. 2010ರ ಕೊನೆಗೆ ಪ್ರತಿಷ್ಠಾನದ ಅನುರಾಗ್ ಬೆಹರ್ ಅವರು, ಶಿಕ್ಷಣದ ಮೂಲ ಸಮಸ್ಯೆಗೆ ಕಂಪ್ಯೂಟರು ಪರಿಹಾರವಲ್ಲ, ಶಿಕ್ಷಕರೇ ಮುಖ್ಯ ಎಂದು ಪತ್ರಿಕೆಯ ಅಂಕಣದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅಷ್ಟು ಕೆಲಸ ಮಾಡಿದ ಮೇಲೆ ಹಾಗೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ನಾನೂ ಅದನ್ನು ಒಪ್ಪುತ್ತೇನೆ. ಮಗು ಬಾಗಿಲಲ್ಲಿ ಮೂರು ವಾರ ನಿಂತಿದ್ದನ್ನು ಪೆಂಗ್ವಿನ್ ಕಾಣಲಾರದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲೆಗಳ ಮೇಷ್ಟ್ರುಗಳಿಗೆ ಮುಕ್ತ ತಂತ್ರಾಂಶ ಕಲಿಸುತ್ತಾ ಬಂದಿದೆ. ಗಡಿಯಾಚೆ ಕೇರಳ ಸರ್ಕಾರ ತನ್ನ ಶಾಲೆಗಳಿಗೆಲ್ಲ ಲಿನಕ್ಸ್ ಕೊಟ್ಟಿದೆ, ಅದರಲ್ಲಿ ಜಿಕಾಂಪ್ರಿ, ಟಕ್ಸ್ ಪೇಂಟ್ ಇವೆ. ಹಾಗಾಗಿ ಕಾಸರಗೋಡಿನ ಕನ್ನಡ ಮಕ್ಕಳಿಗೂ ಈ ಹಕ್ಕಿ ಹೊಸ ಮುಖವಲ್ಲ.

ನಮ್ಮ ಬೆಂಗಳೂರಿನದೇ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಎಕ್ಸ್‌ಪ್ರೈಜ್ ಎಂಬ ಸಂಸ್ಥೆ, ಶಾಲೆ ಮೇಷ್ಟ್ರು ಇಲ್ಲದ ಕಡೆ ಮಕ್ಕಳು ತಾವಾಗಿ ಓದು ಬರಹ ಕಲಿಯುವಂಥ ತಂತ್ರಾಂಶ ಮಾಡಿ ಎಂದು ಜಗತ್ತಿಗೆ ಪಂಥ ಒಡ್ಡಿತು. ಒಟ್ಟು ಬಹುಮಾನ 1.5 ಕೋಟಿ ಡಾಲರು. 2017ರಲ್ಲಿ ಕೊನೆಯ ಸುತ್ತಿಗೆ ಉಳಿದ ಐದು ತಂಡಗಳಲ್ಲಿ ಬೆಂಗಳೂರಿನ ಚಿಂಪಲ್ ಒಂದು. ಹೆಸರಿನಲ್ಲೇ ಚಿಂಪಾಂಜಿ ಇಣುಕುತ್ತದೆ. ಅರವತ್ತಕ್ಕೂ ಹೆಚ್ಚು ಆಟ, ಎಪ್ಪತ್ತು ಕಥೆ. ಪರೀಕ್ಷೆ ನಡೆದದ್ದು ತಾಂಜಾನಿಯಾದ ಟಾಂಗಾ ಪ್ರದೇಶದ ಸುಮಾರು 170 ಹಳ್ಳಿಗಳಲ್ಲಿ, ಹತ್ತಿರ ಹತ್ತಿರ 3,000 ಮಕ್ಕಳ ಮೇಲೆ, ಸ್ವಾಹಿಲಿ ಭಾಷೆಯಲ್ಲಿ, 15 ತಿಂಗಳು. ಆರಂಭದಲ್ಲಿ ಆ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಸ್ವಾಹಿಲಿಯ ಒಂದು ಪದವೂ ಓದಲು ಬರುತ್ತಿರಲಿಲ್ಲ. ಕೊನೆಗೆ ಅಂಥವರ ಸಂಖ್ಯೆ ಅರ್ಧಕ್ಕೆ ಇಳಿಯಿತು. 2019ರ ಮೇ ತಿಂಗಳಲ್ಲಿ ಮೊದಲ ಬಹುಮಾನ ಬೇರೆ ಎರಡು ತಂಡಗಳಿಗೆ ಹಂಚಿಹೋಯಿತು. ನಮ್ಮವರಿಗೆ ಕೊನೆಯ ಸುತ್ತಿನ 10 ಲಕ್ಷ ಡಾಲರು ಬಂತು. ಐದೂ ತಂಡಗಳ ಕೆಲಸ ಎಲ್ಲರಿಗೂ ಮುಕ್ತವಾಯಿತು. ವಿಜ್ಞಾನಿ ಜೇನ್ ಗುಡಾಲ್ 1960ರಲ್ಲಿ ಗೋಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳನ್ನು ನೋಡುತ್ತಾ ಕೂತ ದೇಶ ಅದೇ ತಾಂಜಾನಿಯಾ. ಆ ಪ್ರಾಣಿಯ ನೆಲಕ್ಕೇ ಬೆಂಗಳೂರಿನಿಂದ ಅದರ ಹೆಸರು ಹೊತ್ತ ಪಾಠ ಹೋಗಿ ಬಂತಲ್ಲ ಎಂದು ನನಗೆ ಹಿಗ್ಗು.

ತಾಯಂದಿರು ಕೇಳುತ್ತಾರೆ: "ಮೊಬೈಲಲ್ಲೂ ಗೂಬೆ ಕರಡಿ ಎಲ್ಲಾ ಬರುತ್ತಲ್ಲ ಅಣ್ಣ, ಅದು ಆಗಲ್ವಾ?" ಕೆಲವು ಚೆನ್ನಾಗಿವೆ. ನಾನು ಅವರಿಗೆ ಹೇಳುವುದು ಇಷ್ಟು: ಮಗುವಿನ ಪಕ್ಕ ಒಂದು ಗಂಟೆ ಕೂತು ನೋಡಿ. ಆ ಪ್ರಾಣಿ ನಡುನಡುವೆ ಏನಾದರೂ ಕೊಳ್ಳಲು ಹೇಳುತ್ತದೆಯೇ? ನಿನ್ನೆ ಯಾಕೆ ಬರಲಿಲ್ಲ ಎಂದು ಕಣ್ಣೀರು ಹಾಕಿ ಕರೆಯುತ್ತದೆಯೇ? ಗಾರ್ಮೆಂಟ್ಸಿನಲ್ಲಿ ಟಾರ್ಗೆಟ್ ಮುಗಿಸಿ ಬಂದ ನಿಮಗೆ ಆ ಸ್ವರದ ಗುರುತು ಸಿಗುತ್ತದೆ. ಟಕ್ಸ್ ಹಾಗೆ ಕರೆಯುವುದಿಲ್ಲ. ಕಂಪ್ಯೂಟರ್ ಆರಿಸಿದರೆ ಅದೂ ಸುಮ್ಮನೆ ಹೋಗುತ್ತದೆ. ಮುಂದಿನ ಭಾನುವಾರ ಮಗು ಬಂದರೆ ಬಂತು, ಬರದಿದ್ದರೆ ಇಲ್ಲ.

ಕೊನೆಗೆ ಮತ್ತೆ ಆ ಹುಡುಗಿಯ ಮಾತು. ನಾಗಸಂದ್ರಕ್ಕೆ 2015ರ ಮೇ 1ರಂದು ಮೆಟ್ರೊ ಬಂದಾಗ ಹಸಿರು ಮಾರ್ಗದ ಕೊನೆಯ ನಿಲ್ದಾಣ ನಮ್ಮದೇ. ಒಂಬತ್ತು ವರ್ಷ ಹಾಗೇ ಇತ್ತು. 2024ರ ನವೆಂಬರಿನಲ್ಲಿ ಅದು ಮಾದಾವರದ ತನಕ ಹೋಯಿತು. ಆ ಹೊತ್ತಿಗೆ ಒಂದು ದಿನ ಮಕ್ಕಳನ್ನು ಮಾದಾವರದವರೆಗೆ ಕರೆದುಕೊಂಡು ಹೋಗಿ ಬಂದೆ. ಹುಡುಗಿ ಮೊದಲ ಸಲ ಮೆಟ್ರೊ ಹತ್ತಿದ್ದು ಅಂದು. ಬಾಗಿಲು ಮುಚ್ಚಿ ಎಸಿಯ ತಂಪು ತಾಗಿದಾಗ ದುಪಟ್ಟಾವನ್ನು ಸೆರಗಿನ ಹಾಗೆ ಮಾಡಿ ತಮ್ಮನನ್ನು ಅದರಲ್ಲಿ ಸುತ್ತಿಕೊಂಡಳು.

ಮರುವಾರ ಟಕ್ಸ್ ಪೇಂಟ್ ತೆರೆದು ಒಂದೂವರೆ ಗಂಟೆ ಯಾರಿಗೂ ಮೌಸ್ ಬಿಟ್ಟುಕೊಡಲಿಲ್ಲ. ಹಸಿರು ಪಟ್ಟಿಯ ಉದ್ದನೆಯ ಬಂಡಿ ಬರೆದಳು. ಕಿಟಕಿಗಳಿಗೆ ನೀಲಿ. ಬಾಗಿಲ ಹತ್ತಿರ, ಕಂಬ ಹಿಡಿದುಕೊಂಡು ನಿಂತ ಒಂದು ಪೆಂಗ್ವಿನ್. ಅದರ ರೆಕ್ಕೆಯಲ್ಲಿ ಚೌಕದ ಒಂದು ವಸ್ತು ತೂಗುತ್ತಿತ್ತು.

"ಇದು ಎಲ್ಲಿ ಇಳಿಯುತ್ತಮ್ಮ? ನಾಗಸಂದ್ರದಲ್ಲಾ?" ಅಂದೆ.

"ಇಳಿಯಂಗಿಲ್ಲ ಕಾಕಾ. ಹೊರಗ ಭಾಳ ಬಿಸಿಲದ. ಒಳಗ ತಂಪಿರ್ತದಲ್ಲ, ಹಿಂಗೇ ಹೋಗ್ತದ, ಬರ್ತದ."

"ಕೈಯಲ್ಲಿರೋದು ಏನು?"

"ಡಬ್ಬಿ. ಅದರ ಅವ್ವ ಮೀನ ಕಟ್ಟಿ ಕೊಟ್ಟಾಳ" ಅಂದಳು. ಹಾಗನ್ನುತ್ತಾ ಕುಂಚವನ್ನು ಸಣ್ಣದು ಮಾಡಿಕೊಂಡು ಡಬ್ಬಿಗೆ ಮುಚ್ಚಳ ಬರೆಯತೊಡಗಿದಳು.